ಇಸ್ರೇಲಿನ ಸುತ್ತು, ನನ್ನ ಪ್ರದಕ್ಷಿಣೆ

ಕುಣಿಯೋದರಲ್ಲಿ ಕಲಿಯೋದು ಏನಿದೆ? ಕೈ ಹಿಡಕೊಂಡು ಸುತ್ತೋದು ತಾನೆ? ನಾನು ಓದಿದ್ದು ಮೂರನೇ ಕ್ಲಾಸು, ಆದರೆ ಗುಡಿ ಸುತ್ತಿದ್ದು ಇಡೀ ಜನ್ಮ. ಸುತ್ತೋ ವಿಷಯದಲ್ಲಿ ನನಗೆ ಯಾರೂ ಪಾಠ ಹೇಳಬೇಕಾಗಿಲ್ಲ. ಹಿಂಗಂತ ನಾನು ನಂಬಿದ್ದೆ.

ನನ್ನ ಸೊಸೆ ಶಾರದಾಗೆ ಈ ಹುಚ್ಚು ಹಿಡಿಸಿದವಳು ನೋವಾ ಅನ್ನೋ ಇಸ್ರೇಲಿನ ಹುಡುಗಿ. ಹಂಪಿಯಲ್ಲಿ ಹೊಳೆಯಾಚೆ ನಡುಗಡ್ಡಿಯಲ್ಲಿ ಉಳಿದಿದ್ದಳು. ಹೊಸಪೇಟೆಗೆ ಬಂದು ಶಾರದಾನ ಹೊಲಿಗೆ ಅಂಗಡಿಯಲ್ಲಿ ಚೀಲ ಹೊಲಿಸಿಕೊಳ್ಳುತ್ತಾ, ತಮ್ಮ ಊರಿನ ಜನಪದ ಕುಣಿತ ಕಲಿಸಿದಳು. ನಾನು ಸುಮ್ಮನಿರೋ ಪೈಕಿ ಅಲ್ಲ. ಕೇಳೇಬಿಟ್ಟೆ.

"ಇದು ಯಾವ ದೇವರಿಗವ್ವಾ?"

ಶಾರದಾ ಅವಳನ್ನು ಕೇಳಿ ಹೇಳಿದಳು, "ಯಾವ ದೇವರಿಗೂ ಅಲ್ಲಂತ್ರಿ ಅತ್ತಿ."

"ಮದಿವಿಗಾ?"

"ಅಲ್ಲಂತ. ಎಲ್ಲಾರೂ ಕೈ ಕೈ ಹಿಡಕೊಳ್ಳಾಕಂತ."

ಕೈ ಹಿಡಿಯಾಕ ಇಷ್ಟು ಬೆವರಬೇಕಾ? ನನ್ನ ಗಂಡ ಕುಂತಲ್ಲೇ ಹಿಡಿದಿದ್ದ!

ನೋವಾ ಹಾಡಿನ ಸಿಡಿ ಬಿಟ್ಟು ತನ್ನ ಊರಿಗೆ ಹೋದಳು. ಕುಣಿತ ಇಲ್ಲೇ ಉಳಿಯಿತು, ಶಾರದಾನಿಂದ ಇನ್ನೂ ನಾಲ್ಕು ಜನಕ್ಕೆ ಹತ್ತಿತು. ಕುಣಿಯೋರು ಮಾತ್ರ ಚೆಲ್ಲಾಪಿಲ್ಲಿ. ಹೊಸಪೇಟೆಗೆ ನಮ್ಮ ಶಾರದಾ, ಕಂಪ್ಲಿಗೆ ರೈಸ್ ಮಿಲ್ಲಿನ ಮಲ್ಲಣ್ಣ, ಟಿ.ಬಿ. ಡ್ಯಾಮಿಗೆ ಕಾಲುವೆ ಆಫೀಸಿನ ಗಂಡ-ಹೆಂಡತಿ, ಸಂಡೂರಿಗೆ ಒಬ್ಬ ಟೀಚರಮ್ಮ. ಭಾನುವಾರ ಎಲ್ಲರೂ ಬಸ್ಸು ಹಿಡಿದು ಕಂಪ್ಲಿಗೆ ಹೋಗಿ ಮಿಲ್ಲಿನ ಕಣದಲ್ಲಿ ಸುತ್ತೋರು. ಸುಗ್ಗಿ ಬಂತು. ಕಣದ ತುಂಬ ಭತ್ತ. ಜಾಗ ಹೋಯಿತು!

ಜಾಗ ಇಲ್ಲದ ಮೇಲೆ ಗುಂಪೆಲ್ಲಿ? ಶಾರದಾನ ಮುಖ ಸಪ್ಪಗಾಯಿತು. ಮುಖ ಸಪ್ಪಗಾದರೆ ನನಗೇನು? ಆದರೆ ಸಾರೂ ಸಪ್ಪಗಾಯಿತು. ಆಗ ನನಗೂ ಚಿಂತೆ ಹತ್ತಿತು.

ಆ ಹೊತ್ತಿಗೆ ಟೀಚರಮ್ಮನ ಪರಿಚಯದ, ಸಂಡೂರಿನ ರುದ್ರಪ್ಪ ಅನ್ನೋನು ಒಂದು ದಾರಿ ತೋರಿಸಿದ. ಮೊನ್ನೆ ಮೊನ್ನೆವರೆಗೆ ಸೈಕಲ್ ತುಳಿಯುತ್ತಿದ್ದವನು, ಅದಿರು ಹೊತ್ತ ಲಾರಿಗಳ ದಯೆಯಿಂದ ಅರಮನೆಯಂಥ ಮನೆ ಕಟ್ಟಿದ್ದ. "ಗೃಹಪ್ರವೇಶಕ್ಕ ಬಂದು ಕುಣೀರಿ. ನಮ್ಮವ್ವಗ ಪಸಂದ ಬಂದ್ರ, ಮ್ಯಾಲಿನ ಅಂತಸ್ತಿನ ದೊಡ್ಡ ಹಾಲು ಭಾನುವಾರ ಕುಣಿಯಾಕ ನಿಮ್ದು" ಅಂದ.

ಅಷ್ಟರಲ್ಲಿ ಟೀಚರಮ್ಮನ ಕಾಲು ಉಳುಕಿತು. ಒಬ್ಬರು ಕಡಿಮೆ. ದೇಶಕ್ಕೆ ಕಷ್ಟ ಬಂದಾಗ ಹಿರಿಯರು ಮುಂದೆ ಬರಬೇಕು. ಬಂದೆ.

"ಅತ್ತಿ, ನಿಮಗ ಮಂಡಿ ನೋವು..."

"ಮಂಡಿ ನಂದು. ನೀ ಸಿಡಿ ಹಾಕು."

ನಮ್ಮ ಅಂಗಳದಲ್ಲಿ ಕಲಿತೆ. ನಡುವಿಗೆ ಮುಖ ಮಾಡಿ ನಿಂತು, ಬಲಕ್ಕೆ, ಬಲಕ್ಕೆ, ಬಲಕ್ಕೆ. ಒಂದೂ ತಪ್ಪಲಿಲ್ಲ. ಮಲ್ಲಣ್ಣ, ಎರಡು ಮೂಟೆ ಅಕ್ಕಿಯಷ್ಟು ಭಾರದ ಮನುಷ್ಯ, "ಅಮ್ಮಾರ, ನೀವು ಇಸ್ರೇಲಿನಾಗ ಹುಟ್ಟಬೇಕಿತ್ರಿ" ಅಂದ. ನನ್ನ ತಲೆ ಹಾಳಾಗಿದ್ದು ಅಲ್ಲಿಂದ.

ಗೃಹಪ್ರವೇಶದ ದಿನ ಎಲ್ಲರೂ ಬಿಳಿ ಬಟ್ಟೆ ಹಾಕಿ ಜೀಪು ಹತ್ತಿದೆವು. ದಾರಿ ತುಂಬ ಅದಿರಿನ ಲಾರಿ, ಮೈ ತುಂಬ ಕೆಂಪು ಧೂಳು. ಹತ್ತುವಾಗ ಕೊಕ್ಕರೆಗಳು, ಇಳಿಯುವಾಗ ಸನ್ಯಾಸಿಗಳು!

ಮೇಲಿನ ಹಾಲು, ಕನ್ನಡಿಯಂಥ ಮಾರ್ಬಲ್ಲು. ರುದ್ರಪ್ಪನ ಅವ್ವ ಹೊಸ ಸೋಫಾದ ತುದಿಗೆ, ಅದು ಕಚ್ಚುತ್ತೇನೋ ಅನ್ನೋ ಹಂಗೆ ಕುಂತಿದ್ದಳು. ನಾನು ನೋಡಿದೆ. ನಡುವೆ ಎಲ್ಲಾ ಖಾಲಿ ಖಾಲಿ. ಶುಭಕಾರ್ಯ, ಒಂದು ದೀಪ ಬ್ಯಾಡವಾ? ದೀಪದ ಸಮೆ ತಂದು, ತುಳುಕೋ ಹಂಗೆ ಎಣ್ಣೆ ಹುಯ್ದು, ಹಚ್ಚಿ ನಡುವೆ ಇಟ್ಟೆ.

"ಅತ್ತಿ, ನಡುವ ಏನೂ ಇಡಂಗಿಲ್ರಿ!"

"ಸುಮ್ಕಿರು. ಕತ್ತಲದಾಗ ಕುಣೀತಾರೇನು?"

ಮಟಮಟ ಮಧ್ಯಾಹ್ನ.

ಆ ಅವ್ವಗೂ ಹುರುಪು ಬಂತು. "ದೀಪ ಇಟ್ಟಮ್ಯಾಲ ಈಶ್ವರ ಬ್ಯಾಡೇನು?" ಅಂತ ದೇವರಮನೆಯಿಂದ ಹಿತ್ತಾಳೆ ಲಿಂಗ ತರಿಸಿ ದೀಪದ ಪಕ್ಕ ಇಡಿಸಿದಳು. ಪಾಣಿಪೀಠ, ನೀರು ಹರಿಯೋ ಬಾಯಿ, ಎಲ್ಲಾ ಸರಿಯಾಗಿತ್ತು. ಸರಿಯಾಗಿದ್ದದ್ದೇ ತಪ್ಪಾಯಿತು!

ಹಾಡು ಶುರುವಾಯಿತು. ಎಲ್ಲರೂ ಬಲಕ್ಕೆ ಹೊರಟರು. ನನ್ನ ಕಾಲು ಎಡಕ್ಕೆ ಹೊರಟಿತು. ಯಾಕಂದ್ರೆ ಅವರು ಸುತ್ತೋದು ದೇವರನ್ನು ಎಡಗೈಗೆ ಇಟ್ಟುಕೊಂಡು; ನಾವು ಬಲಗೈಗೆ. ಬರೀ ನೆಲ ಇದ್ದಾಗ ನನ್ನ ಕಾಲು ಇಸ್ರೇಲಿನದು. ಈಶ್ವರನನ್ನು ಕಂಡಕೂಡಲೇ ಹೊಸಪೇಟೆಯದಾಯಿತು!

ಒಂದು ಕೈ ಶಾರದಾ ಎಳೆದಳು, ಇನ್ನೊಂದು ಮಲ್ಲಣ್ಣ. ನಾನು ಹಗ್ಗಜಗ್ಗಾಟದ ಹಗ್ಗವಾದೆ.

"ಅತ್ತಿ, ಈ ಕಡಿಗೆ!"

"ಸತ್ತೋರನ್ನ ಸುತ್ತತಾರ ಆ ಕಡಿಗೆ! ನಾ ಬರಂಗಿಲ್ಲ!"

ಕೊನೆಗೆ ಶಾರದಾ ಹಲ್ಲು ಕಚ್ಚಿ, "ಎಲ್ಲಾರೂ ಅತ್ತಿ ಹಿಂದ ಬರ್ರಿ" ಅಂದಳು. ಸರ್ವಾನುಮತದಿಂದ ಎಡಕ್ಕೆ ತಿರುಗಲಾಯಿತು. ಬಚಾವಾದೆವು ಅಂತ ಉಸಿರು ಬಿಡೋದರೊಳಗೆ ಲಿಂಗದ ನೀರು ಹರಿಯೋ ಬಾಯಿ ಬಂತು. ಅದನ್ನು ದಾಟೋದುಂಟೆ? ಈಶ್ವರನಿಗೆ ಅರ್ಧ ಸುತ್ತಿ ಹಿಂದಕ್ಕೆ ಬರಬೇಕು. ನಾನು ನಿಂತೆ. ತಿರುಗಿದೆ.

ಹಿಂದೆ ಮಲ್ಲಣ್ಣ ಓಡೋಡಿ ಬರುತ್ತಿದ್ದ. ನನ್ನನ್ನು ತಪ್ಪಿಸಾಕ ಪಕ್ಕಕ್ಕೆ ಹಾರಿ, ಲಿಂಗದ ಆ ಬಾಯಿಯ ಮೇಲೆ ಕಾಲೆತ್ತಿದ. ಕುಂತ ಹೆಂಗಸರೆಲ್ಲಾ, "ದಾಟಬ್ಯಾಡ್ರೀ!" ಅಂತ ಚೀರಿದರು. ಪಾಪ, ಭಕ್ತ ಮನುಷ್ಯ. ಎತ್ತಿದ ಕಾಲು ಗಾಳಿಯಲ್ಲೇ ಉಳಿಯಿತು. ಇನ್ನೊಂದು ಕಾಲಿನ ಕೆಳಗೆ ಮಾರ್ಬಲ್ಲು. ಅದರ ಮೇಲೆ ನನ್ನ ದೀಪದಿಂದ ತುಳುಕಿದ ಎಣ್ಣೆ.

ಮಲ್ಲಣ್ಣ ಸೋಫಾ ತಲುಪಿದ. ಸೋಫಾ ನೆಲ ತಲುಪಿತು. ಅವ್ವ ಮೊದಲೇ ತುದಿಗೆ ಕುಂತಿದ್ದಕ್ಕೆ ಜಿಗಿದು ಪಾರಾದಳು!

ಹಾಡು ಮಾತ್ರ ನಿಲ್ಲಲಿಲ್ಲ. ರುದ್ರಪ್ಪನ ಮುಖ ಅದಿರಿನ ಬಣ್ಣಕ್ಕೆ ತಿರುಗಿತು. ಶಾರದಾ ಕಣ್ಣಲ್ಲಿ ನೀರು ತಂದುಕೊಂಡು ಸಿಡಿ ತೆಗೆಯಾಕ ಹೋದಳು. ಹಾಲು ಹೋಯಿತು, ಗುಂಪು ಹೋಯಿತು, ಇನ್ನು ಸಾಯೋತನಕ ನನಗೆ ಸಪ್ಪನ್ನ ಸಾರೇ ಗತಿ ಅಂದುಕೊಂಡೆ.

ಆಗ ಒಂದು ಸದ್ದು. ಅವ್ವ ಹೊಟ್ಟೆ ಹಿಡಕೊಂಡು ನಗುತ್ತಿದ್ದಳು.

"ಮುಂಜಾನಿಂದ ಬಂದೋರೆಲ್ಲಾ ಮಾರ್ಬಲ್ಲಿನ ರೇಟ್ ಕೇಳಿದ್ರು. ನಗಿಸಿದೋರು ನೀವೇ. ಏ ರುದ್ರಾ, ಹಾಲು ಇವರಿಗೆ ಕೊಡೋ."

ಶಾರದಾ ಅವಳ ಕಾಲಿಗೆ ಬಿದ್ದಳು. ನಾನು ಸೆರಗು ಸರಿಮಾಡಿಕೊಂಡು ಎದೆ ಮುಂದೆ ಮಾಡಿ ನಿಂತೆ. ಇದೆಲ್ಲಾ ಯಾರಿಂದ ಆದದ್ದು?

"ಆದ್ರ ಮುಂದ ದೀಪ ಬ್ಯಾಡ, ಈಶ್ವರ ಬ್ಯಾಡ," ಅಂದಳು ಅವ್ವ. ಆಮೇಲೆ ನನ್ನ ಕಡೆ ಬೆರಳು ಮಾಡಿ, "ಆಕಿನೂ ಬ್ಯಾಡ!"

ಆದರೂ ಪ್ರತಿ ಭಾನುವಾರ ನಾನು ಸಂಡೂರಿಗೆ ಹೋಗುತ್ತೇನೆ, ಕುಣಿಯಾಕಲ್ಲ. ದೊಡ್ಡ ಹಾಲಿನಲ್ಲಿ ಸುತ್ತು ಸೊಟ್ಟಗಾಗಬಾರದು, ನಡುವೆ ಒಂದು ಗುರುತು ಬೇಕಂತೆ. ಅದಕ್ಕೆ ಒಂದು ಕುರ್ಚಿ ಹಾಕಿ ನನ್ನನ್ನು ಕುಂದರಿಸುತ್ತಾರೆ. ಎಲ್ಲರೂ ಕೈ ಕೈ ಹಿಡಕೊಂಡು, ನನ್ನನ್ನು ಎಡಗೈಗೆ ಇಟ್ಟುಕೊಂಡು ಸುತ್ತುತ್ತಾರೆ.

ನಾನಿನ್ನೂ ಸತ್ತಿಲ್ಲ ಅಂತ ಸುತ್ತಿಗೊಮ್ಮೆ ಕೆಮ್ಮಿ ತಿಳಿಸುತ್ತಿರುತ್ತೇನೆ!