ಒಂಬತ್ತು ಹೆಜ್ಜೆ ಬಾಜೂಕ

‘ಇಲ್ಲ’ ಎಂಬ ಎರಡಕ್ಷರದ ಮಾತನ್ನು ನಾನು ಓದಬಲ್ಲೆ, ಬರೆಯಬಲ್ಲೆ, ಒಬ್ಬನೇ ಬಚ್ಚಲಮನೆಯಲ್ಲಿದ್ದಾಗ ಗಟ್ಟಿಯಾಗಿ ಹೇಳಲೂಬಲ್ಲೆ. ಎದುರಿಗೆ ಒಬ್ಬ ಮನುಷ್ಯ ಬಂದು ನಿಂತರೆ ಮಾತ್ರ ಅದು ಗಂಟಲಲ್ಲೇ ಕುಳಿತುಬಿಡುತ್ತದೆ. ಇದನ್ನು ಕೆಲವರು ಸಜ್ಜನಿಕೆ ಎನ್ನುತ್ತಾರೆ. ನನ್ನ ಹೆಂಡತಿ ಸುಮತಿ ಇದಕ್ಕೆ ಇಟ್ಟಿರುವ ಹೆಸರು ಬೇರೆ, ಅದನ್ನು ಇಲ್ಲಿ ಬರೆಯುವುದು ಬೇಡ. ಈ ಒಂದು ದೋಷದಿಂದಾಗಿ ನಾನು ಪರರ ಗಿಳಿಯನ್ನು ಒಂದು ತಿಂಗಳು ಸಾಕಿದ್ದೇನೆ, ಗುರುತಿಲ್ಲದವರ ಮದುವೆಯಲ್ಲಿ ಅಕ್ಕಿ ಅಳೆದುಕೊಟ್ಟಿದ್ದೇನೆ, ನನಗೆ ಒಗ್ಗದ ಬದನೆಕಾಯಿ ಪಲ್ಯವನ್ನು ಮೂರು ಸಲ ಬಡಿಸಿಕೊಂಡು ತಿಂದಿದ್ದೇನೆ. ಅವೆಲ್ಲ ಹೋಗಲಿ. ಐವತ್ತೆರಡನೆಯ ವಯಸ್ಸಿನಲ್ಲಿ, ಕಲಬುರಗಿಯಂಥ ಊರಿನಲ್ಲಿ, ನಾನು ಗಾಲ್ಫ್ ಆಟಗಾರನಾದದ್ದೂ ಇದರಿಂದಲೇ.

ನಮ್ಮ ಆಫೀಸಿಗೆ ಹೊಸ ಸಾಹೇಬರು ಪುಣೆಯಿಂದ ಬಂದರು. ಮನೆಮಾತು ಮರಾಠಿಯಾದರೂ ಕನ್ನಡ ಚೆನ್ನಾಗಿಯೇ ಬರುತ್ತದೆ. ಮೊದಲ ದಿನ ಚಹಾ ಕುಡಿಯುತ್ತ ನನ್ನ ಹೆಗಲನ್ನೂ ಮಣಿಕಟ್ಟನ್ನೂ ದನದ ಸಂತೆಯಲ್ಲಿ ನೋಡುವ ಹಾಗೆ ನೋಡಿ, “ದೇಶಪಾಂಡೆ, ಗಾಲ್ಫ್ ಆಡ್ತೀರಲ್ಲಾ?” ಎಂದರು. ಆ ‘ಲ್ಲಾ’ದಲ್ಲಿ ಎಷ್ಟು ಆಸೆ ಇತ್ತೆಂದರೆ, ಆಡುವುದಿಲ್ಲ ಎಂದರೆ ಅವರು ಅಳುತ್ತಾರೇನೋ ಎನಿಸಿತು. “ಹ್ಞೂಂ ಸರ್, ಅಷ್ಟಿಷ್ಟು” ಎಂದೆ. ಗಾಲ್ಫ್ ಕೋಲನ್ನು ನಾನು ಅದುವರೆಗೆ ಟೀವಿಯಲ್ಲಿ ಬಿಟ್ಟರೆ ಬೇರೆಲ್ಲೂ ನೋಡಿರಲಿಲ್ಲ. ಬೇಸಿಗೆ ಬಂದರೆ ನಮ್ಮ ಕಡೆಯ ಎರೆಭೂಮಿ ಅಂಗೈ ಹೋಗುವಷ್ಟು ಬಿರಿಯುತ್ತದೆ. ಇಲ್ಲಿ ಆ ಆಟ ಆಡಲು ಜಾಗವೇ ಸಿಗುವುದಿಲ್ಲ, ನನ್ನ ಸುಳ್ಳು ಕ್ಷೇಮವಾಗಿ ಮುದಿಯಾಗುತ್ತದೆ ಎಂದುಕೊಂಡಿದ್ದೆ.

ಜಾಗ ಸಿಕ್ಕಿತು. ಹುಮನಾಬಾದ್ ರಸ್ತೆಯಲ್ಲಿ ಕಮಲಾಪುರದ ಹತ್ತಿರ ಶರಣಪ್ಪ ಎಂಬ ರೈತನ ಕೆಂಪು ಬಾಳೆಯ ತೋಟವಿದೆ. ಸಾಹೇಬರು ಬಾಳೆಹಣ್ಣು ತಿನ್ನಲೆಂದು ಅಲ್ಲಿಗೆ ಹೋದವರು, ತೋಟದ ಪಕ್ಕ ಹುಲ್ಲು ಬೆಳೆದು ಬಿದ್ದಿದ್ದ ಅರ್ಧ ಎಕರೆ ನೋಡಿ, ಕೈಯಲ್ಲಿದ್ದ ಹಣ್ಣನ್ನೂ ಮರೆತರಂತೆ. “ಇಲ್ಲಿ ಒಂದು ಸಣ್ಣ ಕುಣಿ ತೋಡಿದ್ರ ನಡೀತದೇನು?” ಎಂದು ಕೇಳಿದರು. ಶರಣಪ್ಪನೂ ನನ್ನದೇ ಜಾತಕದವನು. “ನಿಮ್ದೇ ಹೊಲ ತಿಳ್ಕೋರಿ ಸಾಹೇಬ್ರ” ಎಂದುಬಿಟ್ಟ. ಹೀಗೆ ಇಬ್ಬರು ಹ್ಞೂಂಗುಟ್ಟುವವರ ನಡುವೆ ಆ ಗಾಲ್ಫ್ ಮೈದಾನ ಹುಟ್ಟಿತು.

ಮೈದಾನವೆಂದರೆ ಒಂದೇ ಕುಳಿ. ಹೊಲದ ನಡುವೆ ಆಳೆತ್ತರದ ಒಡ್ಡು. ಈಚೆ ತಗ್ಗಿನಲ್ಲಿ ನಿಂತು ಹೊಡೆಯಬೇಕು, ಕುಳಿ ಇರುವುದು ಒಡ್ಡಿನ ಆಚೆ, ನಲವತ್ತೈದು ಹೆಜ್ಜೆ ದೂರದಲ್ಲಿ. ಕುಳಿಗೊಂದು ಬಾವುಟ ನೆಟ್ಟಿದ್ದರು, ಮೊದಲ ವಾರವೇ ಶರಣಪ್ಪನ ಆಡು ಅದನ್ನು ತಿಂದಿತು. ಎರಡನೆಯದನ್ನೂ ತಿಂದಿತು. ಆಮೇಲೆ ಬಾವುಟದ ಗೋಜು ಬಿಟ್ಟು, ಒಡ್ಡಿನ ಮೇಲೆ ತಲೆಯೆತ್ತಿ ಕಾಣುವ ಬೇವಿನ ಮರದ ಕವಲಿಗೆ ಗುರಿಯಿಟ್ಟು ಹೊಡೆಯುವುದೆಂದಾಯಿತು. ಹೊಡೆಯುವವನಿಗೆ ಕುಳಿಯೂ ಕಾಣದು, ಚೆಂಡು ಬಿದ್ದದ್ದೂ ಕಾಣದು. ಐದು ಚೆಂಡು ಹೊಡೆದು, ಒಡ್ಡು ಹತ್ತಿ ನೋಡಿದಾಗಲೇ ಹಣೆಬರಹ ತಿಳಿಯುವುದು. ಬೇವಿನ ನೆರಳಲ್ಲಿ ಕುಳಿತು ಎಲ್ಲವನ್ನೂ ಕಣ್ಣಾರೆ ನೋಡುತ್ತಿದ್ದವನು ಶರಣಪ್ಪನೊಬ್ಬನೇ.

ಇಷ್ಟು ಕಡಿಮೆ ದೂರಕ್ಕೆ, ಅದೂ ಒಡ್ಡು ದಾಟಿಸಿ ಹೊಡೆಯಲು ಇರುವ ಕೋಲಿಗೆ ವೆಜ್ ಎನ್ನುತ್ತಾರೆ. ಗಿಡ್ಡ ಕೋಲು, ಅದರ ಮುಖ ಆಕಾಶ ನೋಡುವ ಹಾಗೆ ಹಿಂದಕ್ಕೆ ವಾಲಿರುತ್ತದೆ. ಚೆಂಡನ್ನು ನಾವು ಎತ್ತಬಾರದಂತೆ, ಕೆಳಮುಖವಾಗಿ ಹೊಡೆಯಬೇಕಂತೆ. ಎತ್ತುವ ಕೆಲಸ ಕೋಲಿನದಂತೆ. ಭಾರ ಎಡಗಾಲಿನ ಮೇಲಿರಬೇಕು, ಮಣಿಕಟ್ಟು ಮುರಿಯಬಾರದು, ಕೈಯನ್ನು ಗಡಿಯಾರದ ಮುಳ್ಳು ಎಂದುಕೊಂಡು ಒಂಬತ್ತು ಗಂಟೆಯವರೆಗೆ ಮಾತ್ರ ಹಿಂದೆ ತರಬೇಕು. ಇಷ್ಟನ್ನೂ ನೆನಪಿಟ್ಟುಕೊಂಡು ನಾನು ಕೋಲು ಬೀಸುವಷ್ಟರಲ್ಲಿ ಚೆಂಡು ಎಲ್ಲಿದೆ ಎಂಬುದೇ ಮರೆತುಹೋಗುತ್ತಿತ್ತು. ಮೊದಲ ತಿಂಗಳು ನಾನು ಹೊಡೆದದ್ದು ಹೆಚ್ಚಾಗಿ ನೆಲವನ್ನು. ಶರಣಪ್ಪ ಒಡ್ಡಿನ ಮೇಲೆ ಬಂದು ನಿಂತು, “ಕಳೆ ಛಲೋ ತೆಗೀತೀರಿ ಸರ” ಎಂದು ಮನಸಾರೆ ಮೆಚ್ಚಿಕೊಂಡ.

ಎರಡನೆಯ ತಿಂಗಳಿಂದ ಚೆಂಡು ಒಡ್ಡು ದಾಟತೊಡಗಿತು. ಆದರೆ ಬೇವಿನ ಕವಲಿಗೆ ಗುರಿಯಿಟ್ಟ ಚೆಂಡು ಪ್ರತಿಸಲ ಬಲಕ್ಕೆ ವಾಲಿ, ಕುಳಿಯಿಂದ ಒಂಬತ್ತು ಹೆಜ್ಜೆ ಆಚೆ, ನೀರಿನ ಕಾಲುವೆಯ ಬದಿಗೆ ಬೀಳುತ್ತಿತ್ತು. ಹತ್ತಲ್ಲ, ಎಂಟಲ್ಲ, ಒಂಬತ್ತೇ. ತಪ್ಪಿನಲ್ಲಿ ಇಷ್ಟು ಶಿಸ್ತು ಇದ್ದವನಿಗೆ ಸರಿಯಾಗಿ ಹೊಡೆಯಲು ಏನು ಧಾಡಿ ಎಂದು ಸಾಹೇಬರು ರೇಗುತ್ತಿದ್ದರು. ಶರಣಪ್ಪ ಮಾತ್ರ ಜೋಳದ ರೊಟ್ಟಿ, ಶೇಂಗಾ ಹಿಂಡಿ ಮುಂದಿಟ್ಟು, “ಛಲೋ ಹೊಡದ್ರಿ ಸರ, ಜರಾ ಬಾಜೂಕ ಬಿತ್ತು ಅಷ್ಟ” ಎನ್ನುತ್ತಿದ್ದ. ಆ ‘ಜರಾ ಬಾಜೂಕ’ ಎಂಬ ಸಮಾಧಾನ ಕೇಳಿದರೆ ನನಗೆ ಮೈಯೆಲ್ಲ ಉರಿಯುತ್ತಿತ್ತು.

ಉರಿಗೆ ಕಾರಣವಿತ್ತು. ಇಪ್ಪತ್ತು ವರ್ಷದಿಂದ ಭಾನುವಾರ ಬೆಳಿಗ್ಗೆ ನಾನೂ ಸುಮತಿಯೂ ಜೇವರ್ಗಿ ಕಾಲೋನಿಯ ಮನೆಗೆ ಬೀಗ ಹಾಕಿ ಕೋಟೆಗೆ ಹೋಗುತ್ತಿದ್ದೆವು. ಒಂದು ಸುತ್ತು ನಡೆದು, ಹಳೆಯ ಮಸೀದಿಯ ನೆರಳಲ್ಲಿ ಅರ್ಧ ಗಂಟೆ ಕುಳಿತು, ಬರುವಾಗ ಸುಸಲಾ ಮಿರ್ಚಿ ತಿಂದು ಮನೆಗೆ. ಅವಳು ಶಾಲೆಯ ಟೀಚರು, ವಾರವಿಡೀ ನಮ್ಮಿಬ್ಬರ ಮಾತೆಂದರೆ ಹಾಲು, ಗ್ಯಾಸು, ಬೀಗದ ಕೈ. ಮಿಕ್ಕ ಮಾತೆಲ್ಲ ಆ ಅರ್ಧ ಗಂಟೆಗೆ ಕಾದಿರುತ್ತಿತ್ತು. ಗಾಲ್ಫ್ ಬಂದು ಅದನ್ನು ನುಂಗಿತು. ಮೊದಮೊದಲು ಸುಮತಿ ಸಿಟ್ಟು ಮಾಡಿದಳು. ಆಮೇಲೆ ಸಿಟ್ಟು ಬಿಟ್ಟು, ಪಕ್ಕದ ಮನೆಯ ಕಮಲಾಬಾಯಿಯ ಜೊತೆ ಕೋಟೆಗೆ ಹೋಗತೊಡಗಿದಳು. ಸಿಟ್ಟು ಮಾಡುತ್ತಿದ್ದಾಗ ಆಗದಿದ್ದ ಹೆದರಿಕೆ ನನಗೆ ಆಗ ಆಯಿತು. ಒಂದು ದಿನ, “ಕಮಲಾಬಾಯಿ ಭಾಳ ಛಲೋ ಮಾತಾಡ್ತಾರ್ರಿ, ನಿಮ್ಮಂಗ ಎಲ್ಲಾದಕ್ಕೂ ಹ್ಞೂಂ ಅನ್ನಂಗಿಲ್ಲ” ಎಂದಳು.

ಆ ಸೋಮವಾರ ಧೈರ್ಯ ಮಾಡಿ ಸಾಹೇಬರ ಕೋಣೆಗೆ ಹೋದೆ. ಭಾನುವಾರ ಬರಲಾರೆ ಎಂದು ಹೇಳಲು ಹೋದವನು, “ನನ್ನ ತರಬೇತಿ ಯಾವಾಗ ಮುಗೀತದ್ರಿ ಸರ್?” ಎಂದು ಕೇಳಿ ನಿಂತೆ. ಸಾಹೇಬರು ಯೋಚಿಸಿ, “ಐದರಾಗ ಮೂರು ಚೆಂಡು ಕುಣಿಯಿಂದ ಒಂದು ಮಾರಿನ ಒಳಗ ಬೀಳಿಸ್ರಿ. ಅವತ್ತಿಗೆ ನೀವು ಪಾಸು. ಆಮ್ಯಾಲ ಬಂದ್ರ ಬರ್ರಿ, ಬಿಟ್ರ ಬಿಡ್ರಿ” ಎಂದರು. ಲೋಕದಲ್ಲಿ ಜನ ಆಟ ಕಲಿಯುವುದು ಆಡುವುದಕ್ಕೆ. ನಾನು ಬಿಡುವುದಕ್ಕಾಗಿ ಕಲಿಯತೊಡಗಿದೆ.

ನೆಹರು ಗಂಜಿನ ಕಾಳಿನ ಮಂಡಿಯಿಂದ ತೊಗರಿಯ ಹಳೆಯ ಗೋಣಿಚೀಲ ತಂದು, ಒಂದಕ್ಕೊಂದು ಹೊಲಿದು, ಮಾಳಿಗೆಯ ಮೇಲೆ ಪರದೆಯ ಹಾಗೆ ಕಟ್ಟಿದೆ. ದಿನಾ ಆಫೀಸಿಗೆ ಮೊದಲು ನೂರು ಹೊಡೆತ. ಒಂದು ಹೊಡೆತಕ್ಕೆ ಗೋಣಿಯಿಂದ ಒಂದು ಬೊಗಸೆ ಧೂಳು ಏಳುತ್ತಿತ್ತು, ನಾನು ಕೆಳಗಿಳಿದಾಗ ಸುಮತಿ, “ಗಾಲ್ಫ್ ಆಡಿ ಬಂದ್ರೋ, ಬ್ಯಾಳಿ ಒಡದು ಬಂದ್ರೋ?” ಎನ್ನುತ್ತಿದ್ದಳು. ಒಂದು ಚೆಂಡು ಪರದೆ ತಪ್ಪಿ ಕಮಲಾಬಾಯಿಯ ಸಂಡಿಗೆಯ ಚಾಪೆಯ ಮೇಲೆ ಬಿತ್ತು. ಬಲಕ್ಕೇ ಬಿತ್ತು ಎಂದು ಬೇರೆ ಹೇಳಬೇಕಾಗಿಲ್ಲ. ಆದರೂ ಬಿಡಲಿಲ್ಲ. ಹೊಡೆಯುವ ಕ್ಷಣದಲ್ಲಿ ಚೆಂಡು ಎಲ್ಲಿ ಹೋಯಿತೆಂದು ನೋಡುವ ಆತುರಕ್ಕೆ ನನ್ನ ತಲೆ ಏಳುತ್ತಿತ್ತು, ತಲೆಯ ಜೊತೆ ಹೆಗಲು, ಹೆಗಲಿನ ಜೊತೆ ಕೋಲಿನ ಮುಖ ತೆರೆದುಕೊಳ್ಳುತ್ತಿತ್ತು. ರೋಗ ಸಿಕ್ಕಿತು. ಚೆಂಡು ಹೋದ ಮೇಲೂ ಅದು ಇದ್ದ ಜಾಗವನ್ನೇ ದಿಟ್ಟಿಸಿ ನಿಲ್ಲುವುದನ್ನು ಕಲಿತೆ. ಗೋಣಿಯ ಮೇಲೆ ಬರೆದ ಇದ್ದಿಲ ಗುರುತಿಗೇ ಚೆಂಡು ಬಡಿಯತೊಡಗಿತು. ನನಗೇ ನಂಬಿಕೆ ಬರಲಿಲ್ಲ.

ಪರೀಕ್ಷೆಯ ಭಾನುವಾರ ಗೊತ್ತಾಯಿತು. ಅದರ ಹಿಂದಿನ ವಾರ ಸಾಹೇಬರು ಪುಣೆಗೆ ಹೋಗಿದ್ದರು. ಹಣ್ಣು ತರಲೆಂದು ಒಂದು ಸಂಜೆ ಒಬ್ಬನೇ ಕಮಲಾಪುರಕ್ಕೆ ಹೋದವನು ಶರಣಪ್ಪನ ಮುಂದೆ ಎಲ್ಲವನ್ನೂ ತೋಡಿಕೊಂಡೆ. ಸುಮತಿ, ಕೋಟೆ, ಮೂರು ಚೆಂಡು, ಒಂದು ಮಾರು, ಒಂದನ್ನೂ ಬಿಡಲಿಲ್ಲ. ಶರಣಪ್ಪ ರೊಟ್ಟಿ ಅಗಿಯುವುದನ್ನು ನಿಲ್ಲಿಸಿ ಕೇಳಿದ. “ನೀವೇನೂ ಕಾಳಜಿ ಮಾಡಬ್ಯಾಡ್ರಿ ಸರ” ಎಂದ. ಅವನ ಒಳ್ಳೆಯತನಕ್ಕೆ ನನ್ನ ಕಣ್ಣು ತುಂಬಿತು. ಆ ವಾರವಷ್ಟೇ ಮಾಳಿಗೆಯ ಮೇಲೆ ನನ್ನ ಹೊಡೆತ ನೆಟ್ಟಗಾಗಿದೆ ಎಂಬುದೊಂದನ್ನು ಹೇಳಬೇಕೆಂದು ಮಾತ್ರ ಹೊಳೆಯಲಿಲ್ಲ.

ಆ ಭಾನುವಾರ ಐದೂ ಚೆಂಡು ಬೇವಿನ ಕವಲಿನ ನೇರಕ್ಕೆ ಎದ್ದವು. ಅಂಥ ಹೊಡೆತ ನನ್ನ ಕೈಯಿಂದ ಮೊದಲು ಬಂದಿರಲಿಲ್ಲ. ಸಾಹೇಬರೂ ಒಂದು ಹೊಡೆದರು, ಗಾಳಿ ಬೀಸಿ ಅದು ಬಲಕ್ಕೆ ಹೋಯಿತು, “ಛೇ” ಎಂದು ಕೋಲು ನೆಲಕ್ಕೆ ಕುಕ್ಕಿದರು. ಇಬ್ಬರೂ ಒಡ್ಡು ಹತ್ತಿದೆವು. ನನ್ನ ಐದು ಚೆಂಡುಗಳು ಒಂದು ಮೊರದಲ್ಲಿ ಹಿಡಿಯುವ ಹಾಗೆ ಒಂದೇ ಕಡೆ ಗುಂಪಾಗಿ ಬಿದ್ದಿದ್ದವು. ಆದರೆ ಅಲ್ಲಿ ಕುಳಿ ಇರಲಿಲ್ಲ. ಕುಳಿ ಒಂಬತ್ತು ಹೆಜ್ಜೆ ಆಚೆ, ಕಾಲುವೆಯ ಬದಿಯಲ್ಲಿತ್ತು. ಅದರೊಳಗೆ ಸಾಹೇಬರ ಚೆಂಡಿತ್ತು.

ಸಾಹೇಬರು ಕುಣಿದಾಡಿದರು. ಇಪ್ಪತ್ತೈದು ವರ್ಷದ ಆಟದಲ್ಲಿ ಒಂದೇ ಹೊಡೆತಕ್ಕೆ ಕುಳಿ ಸೇರಿಸಿದ್ದು ಇದೇ ಮೊದಲಂತೆ. ಕುಳಿ ಹೋದ ವಾರ ಎಲ್ಲಿತ್ತು ಎಂದು ಅವರು ಕೇಳಲಿಲ್ಲ. ತನ್ನ ಚೆಂಡು ಬಿದ್ದ ಕುಳಿಯ ಜಾತಕವನ್ನು ಯಾರೂ ಕೇಳುವುದಿಲ್ಲ. ನನ್ನ ಕಡೆ ತಿರುಗಿ, “ಕೈ ಕೂತದ ದೇಶಪಾಂಡೆ, ಗುರಿ ಮಾತ್ರ ಪೂರಾ ತಪ್ಯದ. ಮುಂದಿನ ವಾರ ಇನ್ನೊಂದು ಸಲ ಪರೀಕ್ಷಾ ಇಡೋಣು” ಎಂದು ಪುಣೆಗೆ ಫೋನು ಹಚ್ಚಿದರು.

ಶರಣಪ್ಪ ನನ್ನನ್ನು ಬಾಳೆಯ ಮರೆಗೆ ಕರೆದೊಯ್ದ. ಮುಖ ಬಾಡಿತ್ತು. “ನಿನ್ನಿ ಸಂಜಿಕ ಹಳೀ ಕುಣಿ ಮುಚ್ಚಿ, ನಿಮ್ಮ ಚೆಂಡು ದಿನಾ ಬೀಳೋ ಜಾಗಾದಾಗ ಹೊಸಾದು ತೋಡಿದ್ನಿರಿ. ಹುಲ್ಲ ಸುದ್ದಾ ಕೂಡ್ಸೀನಿ. ಐದ್ ತಿಂಗಳಿಂದ ಒಂದ ಸಲನೂ ತಪ್ಪದೋರು, ಇವತ್ತೇ ಯಾಕ್ರಿ ಸರ ನೆಟ್ಟಗ ಹೊಡದ್ರಿ?” ಎಂದ. ಅವನ ದನಿಯಲ್ಲಿ ನಿಜವಾದ ನೋವಿತ್ತು, ನಾನೇ ಅವನಿಗೆ ಕೈ ಕೊಟ್ಟೆನೇನೋ ಎನ್ನುವಂತೆ. ನನಗೆ ಕೂಗಬೇಕೆನಿಸಿತು. ಬಾಳೆಯ ಗಿಡ ಕಿತ್ತು ಬೀಸಬೇಕೆನಿಸಿತು. ಬಾಯಿಂದ ಬಂದದ್ದು, “ಇರ್ಲಿ ಬಿಡು ಶರಣಪ್ಪ, ಛಲೋನೇ ಮಾಡಿದಿ” ಎಂದು.

ಮುಂದಿನ ವಾರಕ್ಕೆ ನನ್ನ ಲೆಕ್ಕ ಸರಳವಾಗಿತ್ತು. ಕುಳಿ ಕಾಲುವೆಯ ಬದಿಗಿದೆ, ನನಗೆ ಈಗ ನೆಟ್ಟಗೆ ಹೊಡೆಯಲು ಬರುತ್ತದೆ, ಕವಲು ಬಿಟ್ಟು ಒಂಬತ್ತು ಹೆಜ್ಜೆ ಬಲಕ್ಕೆ ಗುರಿಯಿಟ್ಟರೆ ಮುಗಿಯಿತು. ಹಾಗೆಯೇ ಇಟ್ಟೆ, ಹಾಗೆಯೇ ಹೊಡೆದೆ, ಐದೂ ಅಲ್ಲಿಗೇ ಹೋದವು. ಎದೆಯುಬ್ಬಿಸಿ ಒಡ್ಡು ಹತ್ತಿದೆ. ಕಾಲುವೆಯ ಬದಿಯಲ್ಲಿ ಐದು ಚೆಂಡು, ಮತ್ತು ಹೊಸದಾಗಿ ಕೂಡಿಸಿದ ಹುಲ್ಲು. ಕುಳಿ ತನ್ನ ಹಳೆಯ ಜಾಗಕ್ಕೆ ಮರಳಿತ್ತು. ವಾರವಿಡೀ ತನ್ನ ತಪ್ಪಿಗೆ ನೊಂದ ಶರಣಪ್ಪ, ಸರ್ ಈಗ ನೆಟ್ಟಗೆ ಹೊಡೆಯುತ್ತಾರೆ ಎಂದು ಅದನ್ನು ನನಗಾಗಿ ಅಲ್ಲಿಗೇ ತಂದಿಟ್ಟಿದ್ದ. ಅಂದು ಬಾಳೆಯ ಮರೆಯಲ್ಲಿ, ಕುಳಿ ಅಲ್ಲೇ ಇರಲಿ ಎಂದೋ, ಮರಳಿ ತಾ ಎಂದೋ, ಎರಡರಲ್ಲಿ ಒಂದು ಮಾತು ಆಡಿದ್ದರೆ ಸಾಕಿತ್ತು. ಕುಳಿ ಜಾಗ ಬದಲಿಸಿದ್ದನ್ನು ಈ ಸಲವೂ ಗಮನಿಸದ ಸಾಹೇಬರು ಹಣೆ ಚಚ್ಚಿಕೊಂಡು, “ಹಳೀ ರೋಗ ತಿರುಗಿ ಬಂತಲ್ಲೋ ಮಾರಾಯಾ! ಇನ್ನ ಆರು ತಿಂಗಳು ಬೇಕು. ಮುಂದಿನ ಭಾನುವಾರ ಒಂದು ತಾಸು ಮೊದಲ ಬರ್ರಿ” ಎಂದರು. ಶರಣಪ್ಪ ನನ್ನ ಮುಖ ನೋಡಲಾರದೆ ರೊಟ್ಟಿ ಮುಂದಿಟ್ಟ. “ಛಲೋ ಹೊಡದ್ರಿ ಸರ” ಎಂದ ಮೆಲ್ಲಗೆ, “ಜರಾ ಬಾಜೂಕ ಬಿತ್ತು.”

ಮನೆಗೆ ಬಂದಾಗ ಸುಮತಿ ಕೋಟೆಯಿಂದ ಬಂದು ಪೇಪರು ಓದುತ್ತ ಕುಳಿತಿದ್ದಳು. ನಡೆದದ್ದನ್ನೆಲ್ಲ ಹೇಳಿದೆ. ನಗುತ್ತಾಳೆ ಎಂದುಕೊಂಡಿದ್ದೆ, ನಗಲಿಲ್ಲ. “ಇಷ್ಟೆಲ್ಲಾ ಮಾಡೋ ಬದಲಿ ಸಾಹೇಬ್ರಿಗಿ ಇಲ್ಲ ಅಂದ್ಬಿಡಬೇಕಿತ್ತಲ್ರಿ” ಎಂದಳು. “ಹ್ಞೂಂ” ಎಂದೆ. ಪೇಪರು ಮಡಚಿಟ್ಟು, “ಕಮಲಾಬಾಯಿ ಮುಂದಿನ ವಾರ ಊರಾಗಿಲ್ಲ. ನಂಗೂ ನಿಮ್ ಜೋಡಿ ಕೂತು ಮಾತಾಡಿ ಭಾಳ ದಿನಾ ಆತು. ಭಾನುವಾರ ಖರೇನೇ ಬರ್ತೀರಿಲ್ಲೋ ಕೋಟಿಗಿ?” ಎಂದು ಕೇಳಿದಳು.

ಅವಳ ಕಣ್ಣಲ್ಲಿ ಎಷ್ಟು ಆಸೆ ಇತ್ತೆಂದರೆ, ಹ್ಞೂಂ ಎಂದೆ. ಸಾಹೇಬರಿಗೂ ಅದೇ ಭಾನುವಾರಕ್ಕೆ, ಒಂದು ತಾಸು ಮೊದಲೇ ಬರುತ್ತೇನೆಂದು, ಹ್ಞೂಂ ಎಂದು ಬಂದಿದ್ದೆ.