ಕಣ್ಣು ಮುಚ್ಚಿ ಎತ್ತಿದ ಕಡತ

ಕಡತ ತಪಾಸಣೆಯ ಕೆಲಸದವನು ನಗೆಪಾಟಲಾಗುವುದಕ್ಕೆ ಮುಹೂರ್ತ ನೋಡಬೇಕಾಗಿಲ್ಲ, ಕಚೇರಿಯ ಬಾಗಿಲು ತೆರೆದಿದ್ದರೆ ಸಾಕು. ಎಪ್ಪತ್ತು, ಎಂಬತ್ತರ ದಶಕಗಳಲ್ಲಿ ನಾನು ಮಧುಗಿರಿಯಲ್ಲಿದ್ದುಕೊಂಡು ಶಿರಾ, ಕೊರಟಗೆರೆ, ಪಾವಗಡಗಳನ್ನು ಸುತ್ತುತ್ತಿದ್ದೆ. ಯಾವ ಇಲಾಖೆ ಎಂದು ಹೇಳುವುದಿಲ್ಲ, ಪಿಂಚಣಿ ಇನ್ನೂ ಬರುತ್ತಿದೆ.

ಕೆಲಸವೇನೋ ಸುಲಭ. ದಾಖಲೆ ಕೋಣೆಯಲ್ಲಿ ಬೀರುಗಳಿರುತ್ತವೆ, ಬೀರುವಿನೊಳಗೆ ಅರೆಗಳು, ಅರೆಯೊಳಗೆ ಕಟ್ಟುಗಳು, ಕಟ್ಟಿನೊಳಗೆ ಕಡತಗಳು. ಅಷ್ಟರಲ್ಲಿ ಮನಸ್ಸಿಗೆ ಬಂದ ಒಂದನ್ನು ಎತ್ತಿ, ನೆಟ್ಟಗಿದೆಯೇ ಎಂದು ನೋಡಬೇಕು. ತಪಾಸಣೆಯಲ್ಲಿ ಎತ್ತಿದ ಕಡತದ ಕೆಲಸವನ್ನು ಹದಿನೈದು ದಿನದೊಳಗೆ ಮುಗಿಸಲೇಬೇಕು ಎಂಬುದು ನಿಯಮ. ಆದರೆ ವರ್ಷಗಟ್ಟಲೆ ನಾನು ಎತ್ತಿದ್ದೆಲ್ಲ ಮೊದಲೇ ಮುಗಿದಿದ್ದ, ಮದುವಣಗಿತ್ತಿಯಂತೆ ಸಿಂಗರಿಸಿಕೊಂಡ ಕಡತಗಳೇ. ಯಾರೋ ಬೇಕೆಂದೇ ನನ್ನ ಕೈಗೆ ತಳ್ಳುತ್ತಿದ್ದಾರೆ ಎಂದು ತಿಳಿದ ದಿನ ಹಟ ಹುಟ್ಟಿತು. ಒಂದೇ ಒಂದು ಕಡತವನ್ನಾದರೂ ನಿಜವಾಗಿ ಕಣ್ಣು ಮುಚ್ಚಿ ಎತ್ತಿಯೇ ತೀರುತ್ತೇನೆ!

ಶಿರಾದ ಜಗಲಿ

ಶಿರಾ ಕಚೇರಿಯ ಜಗಲಿಯಲ್ಲಿ ಬರಗೂರು ಕಡೆಯ ಒಬ್ಬ ಅಜ್ಜಿ ಕೂತಿರುತ್ತಿದ್ದಳು. ಕುರಿ ಕಾಯುವ ಮನೆತನ. ಗುಡಿಸಲು ಹಾಕಿಕೊಂಡ ಜಾಗಕ್ಕೆ ಹಕ್ಕುಪತ್ರ ಕೇಳಿ ಅರ್ಜಿ ಕೊಟ್ಟು ಎಷ್ಟೋ ಕಾಲವಾಗಿತ್ತು. ಒಳಗಿನ ಗುಮಾಸ್ತರ ಉತ್ತರ ಯಾವಾಗಲೂ ಒಂದೇ: "ಜಗಲಿ ಮೇಲೆ ಕೂತ್ಕಳಜ್ಜಿ, ಬತ್ತದೆ."

ನಾನೂ ಆ ಕಡತ ಕೇಳಿ ನೋಡಿದ್ದೆ. "ಹುಡುಕ್ತಾ ಇದೀವಿ ಸಾಬ್" ಎಂದರು. ಹುಡುಕುತ್ತಿರುವ ಕಡತಕ್ಕೆ ನಮ್ಮಲ್ಲಿ ಗಡುವು ಇರುವುದಿಲ್ಲ. ತಪಾಸಣೆಯಲ್ಲಿ ಎತ್ತಿದರೆ ಮಾತ್ರ ತಪ್ಪಿಸಿಕೊಳ್ಳುವಂತಿಲ್ಲ. ಅದು ಅಜ್ಜಿಗೂ ಗೊತ್ತಾಗಿಬಿಟ್ಟಿತ್ತು. ನನ್ನನ್ನು ಕಂಡಾಗಲೆಲ್ಲ ಕೇಳುತ್ತಿದ್ದಳು:

"ಇವತ್ತಾನಾ ನಂದು ಎತ್ತೀಯೇನಪ್ಪ?"

"ಬೇಕು ಅಂತ ಎತ್ತೋ ಹಂಗಿಲ್ಲ ಅಜ್ಜಿ. ತಾನಾಗೇ ಕೈಗೆ ಬರಬೇಕು."

"ದ್ಯಾವ್ರು ಬಂದಂಗೆ ಅನ್ನು."

ಆ ದಿನ ನಾನು ಕರ್ಚೀಫಿನಿಂದ ಕಣ್ಣು ಕಟ್ಟಿಕೊಂಡೇ ದಾಖಲೆ ಕೋಣೆಗೆ ನುಗ್ಗಿದೆ. ಮೊದಲ ಕಟ್ಟಿಗೆ ಕೈಹಾಕಿದೆ, ಗಂಟು ಬಿಚ್ಚಲಿಲ್ಲ. ಎರಡನೆಯದೂ ಅಷ್ಟೇ, ಉಗುರು ಕಿತ್ತುಬಂತು. ಅಷ್ಟರಲ್ಲಿ ಒಂದು ಕಟ್ಟು ಮುಟ್ಟಿದ ಕೂಡಲೇ ಸಡಿಲವಾಯಿತು. ಗೆದ್ದೆ ಎಂದುಕೊಂಡು ಒಂದು ಕಡತ ಸೆಳೆದು, ಕಣ್ಣು ಬಿಚ್ಚಿ ನೋಡಿದೆ. ರಟ್ಟಿನ ಮೇಲೆ ಟೀ ಲೋಟದ ಗುಂಡನೆಯ ಕಲೆ. ಹಿಂದಿನ ವರ್ಷ ಅದೇ ಕಡತದ ಮೇಲೆ ಲೋಟ ಇಟ್ಟಿದ್ದವನು ನಾನೇ.

ದಾಖಲೆ ಗುಮಾಸ್ತ ಕೈ ಮುಗಿದ. "ನಿಮ್ಮ ಕೈಗುಣ ಸಾಬ್. ವರ್ಷಾ ವರ್ಷಾ ಅದೇ ಬರ್ತದೆ!"

ಕೊರಟಗೆರೆಯ ಕವಡೆ

ಕೈಯನ್ನು ನಂಬಿದರೆ ಆಗದು ಎಂದು, ಕೊರಟಗೆರೆಗೆ ಹೋಗುವಾಗ ಮನೆಯಿಂದ ಚೌಕಾಬಾರದ ಕವಡೆ ಒಯ್ದೆ. ಮೊದಲ ಗರ ಬೀರುವಿಗೆ, ಎರಡನೆಯದು ಅರೆಗೆ, ಮೂರನೆಯದು ಕಟ್ಟಿಗೆ. ಕವಡೆಗೆ ಯಾವ ಗುಮಾಸ್ತನ ದಾಕ್ಷಿಣ್ಯ?

ಮೇಜಿನ ಮೇಲೆ ಜಾಗ ಸಾಲದೆ ನೆಲಕ್ಕೇ ಕೂತೆ. ಎರಡು ಗರ ಹಾಕುವಷ್ಟರಲ್ಲಿ ಇಡೀ ಕಚೇರಿ ಸುತ್ತ ನೆರೆಯಿತು. ಅರ್ಜಿ ಕೊಡಲು ಬಂದಿದ್ದ ಯಜಮಾನರೊಬ್ಬರು ಪಂಚೆ ಎತ್ತಿ ಕಟ್ಟಿ ಪಕ್ಕದಲ್ಲೇ ಕುಕ್ಕರಗಾಲಿನಲ್ಲಿ ಕೂತು, "ಅಂಗಲ್ಲ ಕಣಪ್ಪ, ಮಣಿಕಟ್ಟು ಬುಟ್ಟು ಎಸೀಬೇಕು" ಎಂದು ಹೇಳಿಕೊಟ್ಟರು. ಒಬ್ಬ ಗುಮಾಸ್ತ ಬೀರು ಎರಡರ ಮೇಲೆ ಒಂದು ಕಾಫಿ ಪಣ ಕಟ್ಟಿದ, ಇನ್ನೊಬ್ಬ ಮೂರರ ಮೇಲೆ ವಡೆ. ನಾನು ಹುರುಪಿನಿಂದ ಕವಡೆ ಬಿಟ್ಟು, "ಬೀಳ್ ಮಗನೇ ಮೂರು!" ಎಂದು ಕೂಗಿದಾಗ ಗುಮಾಸ್ತರೆಲ್ಲ ದಡಬಡ ಎದ್ದು ನಿಂತರು. ತಲೆಯೆತ್ತಿದೆ. ಬಾಗಿಲಲ್ಲಿ ಮಧುಗಿರಿಯ ನಮ್ಮ ಸಾಹೇಬರು.

ಅವರು ನನ್ನನ್ನು ಹೊರಗೆ ಕರೆದು ಹೇಳಿದರು. "ಇಷ್ಟು ವರ್ಷದಲ್ಲಿ ಒಂದು ಕೆಟ್ಟ ಕಡತ ಹಿಡಿದಿಲ್ಲ ನೀವು. ಒಂದೋ ನಾಲ್ಕು ತಾಲ್ಲೂಕಲ್ಲೂ ರಾಮರಾಜ್ಯ ಇರಬೇಕು, ಇಲ್ಲಾ ನಿಮ್ಮ ತಲೇಲಿ ಏನೂ ಇರಬಾರದು. ಈ ವರ್ಷ ಹಿಡೀದಿದ್ರೆ ಟಪಾಲು ವಿಭಾಗಕ್ಕೆ ಹಾಕ್ತೀನಿ, ಸ್ಟಾಂಪು ಅಂಟಿಸ್ಕೊಂಡಿರಿ."

ನನಗೆ ಅವಮಾನವಾಯಿತು. ಒಳಗೆ ಹೋಗಿ ಕವಡೆ ಕೇಳಿದರೆ ಯಜಮಾನರು ಕೈಯೆತ್ತಿ ತಡೆದರು. "ಒಸಿ ತಡೀರಿ ಸ್ವಾಮಿ, ನಮ್ದು ಒಂದ್ ಆಟ ಮುಗೀಲಿ."

ಪಾವಗಡದ ಗಿಣಿ

ಪಾವಗಡದ ಕಚೇರಿ ಎದುರಿನ ಹುಣಸೆ ಮರದಡಿ ಒಬ್ಬ ಗಿಣಿಶಾಸ್ತ್ರದವನಿದ್ದ. ಅವನನ್ನು ಕಂಡದ್ದೇ ತಲೆ ಓಡಿತು. ಕವಡೆ ಎಸೆಯುವವನು ಮನುಷ್ಯ, ಗಿಣಿ ಹಾಗಲ್ಲ. ಕಟ್ಟುಗಳ ಸಂಖ್ಯೆಯನ್ನು ಚೀಟಿಗಳಲ್ಲಿ ಬರೆಸಿ, ಮಡಿಸಿ ಸಾಲಾಗಿ ಜೋಡಿಸಿಡಲು ದಾಖಲೆ ಗುಮಾಸ್ತನಿಗೆ ಹೇಳಿದೆ. ಅಲ್ಲೇ ಎಡವಿದ್ದು.

"ಚಿಲುಕ ಅಬದ್ಧಂ ಚೆಪ್ಪದು ಸಾರ್, ಗಿಣಿ ಸುಳ್ಳು ಹೇಳಲ್ಲ" ಎಂದು ಗಿಣಿಯವನು ಪಂಜರದ ಬಾಗಿಲು ತೆಗೆದ. ಗಿಣಿ ಗಂಭೀರವಾಗಿ ಸಾಲಿನುದ್ದಕ್ಕೂ ನಡೆದು, ಕೊನೆಯ ಚೀಟಿಯನ್ನು ಕಚ್ಚಿತು. ಆದರೆ ಒಡೆಯನ ಕೈಗೆ ಕೊಡಲಿಲ್ಲ. ತಾನೇ ಮಡಿಕೆ ಬಿಡಿಸಿ, ಒಳಗಿದ್ದ ಕಡಲೆಕಾಯಿ ಬೀಜವನ್ನು ತಿನ್ನತೊಡಗಿತು. ಆ ಕಟ್ಟಿನ ಕಡತಗಳು ಕನ್ನಡಿಯ ಹಾಗಿದ್ದವೆಂದು ಬೇರೆ ಹೇಳಬೇಕಾಗಿಲ್ಲ.

ನಾನು ಗುಮಾಸ್ತನ ಮುಖ ನೋಡಿದೆ. ಅವನು ನಾಚಲೂ ಇಲ್ಲ. "ಏಮ್ ಮಾಡೋದು ಸಾರ್, ಹೊಟ್ಟೆಗೆ ಹಾಕ್ದೋರ ಕಡೆನೇ ಅಲ್ವಾ, ಯಾರಾದ್ರೂ?"

ಮಧುಗಿರಿಯ ಯಂತ್ರ

ಆ ವರ್ಷ ಕಳೆಯುವ ಮುಂಚೆಯೇ, ಎಂಬತ್ತರ ದಶಕ ಮುಗಿಯುತ್ತ ಬಂದಾಗ, ನಮ್ಮ ಕಚೇರಿಗೆ ಕಂಪ್ಯೂಟರ್ ಬಂತು. ಅದಕ್ಕೊಂದು ತಂಪು ಕೋಣೆ, ಚಪ್ಪಲಿ ಹೊರಗೆ. ಜೊತೆಗೆ ಬಂದ ಎಂಜಿನಿಯರ್‌ಗೆ ನನ್ನ ಕಷ್ಟವನ್ನೆಲ್ಲ ಹೇಳಿಕೊಂಡೆ. ಆಕೆ ನಗಲಿಲ್ಲ, ಅದೇ ದೊಡ್ಡ ಸಮಾಧಾನ.

"ಸುಲಭ ಸರ್. ತಾಲ್ಲೂಕಿಗೊಂದು ಫೋಲ್ಡರ್, ಅದರೊಳಗೆ ಹೋಬಳಿ, ಅದರೊಳಗೆ ಊರು, ಅದರೊಳಗೆ ರಿಜಿಸ್ಟರಿನಲ್ಲಿರೋ ಕಡತದ ಹೆಸರು. ಒಂದು ಶೆಲ್ ಸ್ಕ್ರಿಪ್ಟ್ ಬರೀತೀನಿ. ಅಂದ್ರೆ ನಾಲ್ಕು ಸಾಲಿನ ಅಪ್ಪಣೆ. ಯಂತ್ರ ಒಳಗೊಳಗೇ ಇಳಿದು ಯಾವುದೋ ಒಂದು ಹೆಸರು ತೆಗೆಯುತ್ತೆ."

"ಅದು ಕಡಲೆಕಾಯಿ ತಿನ್ನುತ್ತಾ?"

"ಇಲ್ಲ ಸರ್."

ಗುಂಡಿ ಒತ್ತಿದೆ. ಯಂತ್ರ ಗುರುಗುಟ್ಟಿ ಒಂದು ಸಾಲು ಮೂಡಿಸಿತು: ಶಿರಾ, ಬರಗೂರು ಕಡೆ, ಗುಡಿಸಲು ಜಾಗ, ಹಕ್ಕುಪತ್ರ. ಅಜ್ಜಿಯದು! ನನಗೆ ಕಣ್ಣಲ್ಲಿ ನೀರು ಬಂತು. ಶಿರಾಕ್ಕೆ ಫೋನ್ ಮಾಡಿಸಿದೆ. ವರ್ಷಗಟ್ಟಲೆ ಹುಡುಕುತ್ತಿದ್ದ ಕಡತ ಅದೇ ಮಧ್ಯಾಹ್ನ ಸಿಕ್ಕಿತು. ನೀರಿನ ಹೂಜಿ ಅಲುಗಾಡದಿರಲೆಂದು ಅದರಡಿ ಇಟ್ಟಿದ್ದರಂತೆ. ಹದಿನೈದು ದಿನದೊಳಗೆ ಅಜ್ಜಿಗೆ ಹಕ್ಕುಪತ್ರ ಬಂತು, ನನಗೆ ಟಪಾಲು ವಿಭಾಗ ತಪ್ಪಿತು.

ಯಂತ್ರ ಬಂದ ಮೇಲೆ ತಪಾಸಣೆ ತಿಂಗಳಿಗೊಮ್ಮೆ. ಮುಂದಿನ ತಿಂಗಳು ಮತ್ತೆ ಗುಂಡಿ ಒತ್ತಿದೆ. ಅಜ್ಜಿಯ ಕಡತ. ಅದರ ಮುಂದಿನ ತಿಂಗಳೂ ಅಜ್ಜಿಯ ಕಡತವೇ. ಯಂತ್ರ ಪ್ರತಿ ಸಲವೂ ಎಣಿಕೆಯನ್ನು ಮೊದಲಿನ ಜಾಗದಿಂದಲೇ ಶುರುಮಾಡುತ್ತಿತ್ತಂತೆ, ಹಾಗಾಗಿ ಅದೇ ಹೆಸರು. ನನಗೆ ಗೊತ್ತಾಗುವ ಮುಂಚೆ ಗುಮಾಸ್ತರಿಗೆ ಗೊತ್ತಾಗಿತ್ತು. ತಪಾಸಣೆಗೆ ಬರುವುದು ಅದೊಂದೇ ಕಡತ, ಅದರಲ್ಲಿದ್ದ ಕಾಗದದ ಕೆಲಸ ಹದಿನೈದು ದಿನದಲ್ಲಿ ಮುಗಿಯಲೇಬೇಕು! ಮೂರನೆಯ ಸಲ ಕಡತವನ್ನು ಇಬ್ಬರು ಹೊತ್ತು ತಂದರು. ಬಿಚ್ಚಿದರೆ ಒಳಗೆ ಪಾವಗಡದವರ ಸೈಕಲ್ ಸಾಲದ ಅರ್ಜಿ, ಕೊರಟಗೆರೆಯವರ ಬಡ್ತಿ, ಯಾರದೋ ಬಾವಿಗೆ ಕರೆಂಟು, ಇನ್ಯಾರದೋ ಹೆರಿಗೆ ರಜೆ. ಹೆತ್ತ ಕೂಸಿಗೆ ಆಗಲೇ ಹಲ್ಲು ಬಂದಿತ್ತು.

ಅಜ್ಜಿಗೂ ಸುದ್ದಿ ಮುಟ್ಟಿ, ಬಸ್ಸು ಹತ್ತಿ ಮಧುಗಿರಿಗೇ ಬಂದಳು. ಚಪ್ಪಲಿ ಬಿಟ್ಟು ತಂಪು ಕೋಣೆಗೆ ಬಂದು ಯಂತ್ರವನ್ನೊಮ್ಮೆ ನೋಡಿದಳು.

"ನಂದು ಆಗೋಯ್ತಲ್ಲಪ್ಪ. ಇನ್ನೂ ಯಾಕೆ ನನ್ನೆಸ್ರೇ ಕೂಗ್ತದೆ? ಬ್ಯಾರೇರ್ದೂ ಕೂಗ್ಸು. ಜಗಲಿ ಮ್ಯಾಲೆ ಇನ್ನೂ ಜನ ಕುಂತವ್ರೆ."

ಇಷ್ಟು ವರ್ಷ ನಾನು ಹಟ ಹಿಡಿದದ್ದೂ ಇದಕ್ಕೇ ಅಲ್ಲವೇ? ಎಂಜಿನಿಯರ್ ಕಡೆ ತಿರುಗಿ, "ಈಗಲೇ ಸರಿಮಾಡಿ" ಎಂದೆ. ಆಕೆ ಕೀಲಿಮಣೆಗೆ ಕೈಯಿಟ್ಟಳು.

"ತಡೀರಿ, ತಡೀರಿ!" ಸಾಹೇಬರು ಚಪ್ಪಲಿ ಬಿಡುವುದನ್ನೂ ಮರೆತು ಒಳಗೆ ಓಡಿಬಂದರು. "ಮುಂದಿನ ತಿಂಗಳು ಸರಿಮಾಡಿದ್ರಾಯ್ತು. ನನ್ನ ವರ್ಗಾವಣೆ ಅರ್ಜಿ ಮೇಲಿನ ಕಚೇರೀಲಿ ಕೊಳೀತಾ ಇತ್ತು, ನಿನ್ನೆ ತಾನೇ ಒಂದು ಪ್ರತಿ ಈ ಅಜ್ಜಿ ಕಡತದಲ್ಲಿ ಸೇರ್ಸಿದೀನಿ."

ಅಜ್ಜಿ ಅವರನ್ನು ಅಡಿಯಿಂದ ಮುಡಿಯವರೆಗೆ ಕನಿಕರದಿಂದ ನೋಡಿದಳು.

"ಅದ್ಕೇನಂತೆ ಬುಡಪ್ಪ. ಜಗಲಿ ಮ್ಯಾಲೆ ಕುಂತ್ಕ, ಬತ್ತದೆ."