ಬಶಿಯಾಗ ಬೆಳೆದ ಕೀವು

ದವಾಖಾನ್ಯಾಗ ಕಂಪೌಂಡರ್ ಆದಾಂವಗ ನಗೂ ಹೆದರಿಕೀ ಕೂಡೇ ಬರ್ತಾವ. ಹುಮನಾಬಾದಿನ್ಯಾಗ ನನಗಂತೂ ದಿನಾ ಬರ್ತಿದ್ವು. ಲಡಾಯಿ ಕಾಲ, ಪರದೇಶದ ಔಷಧ ಬಂದ್. ನಮ್ಮ ಡಾಕ್ಟರ್ ಸಾಹೇಬರು ಹಿಂದಿನ ಖೋಲ್ಯಾಗ ತಾವೇ ಹೊಸಾವು ಮಾಡಾಕತ್ತಿದ್ರು.

೧. ನೀಲಿ

"ಇಂಗಾಲದ ಉಂಗುರ ಕಟ್ಟಿ, ಅದರಾಗ ಗಂಧಕ, ನೈಟ್ರೋಜನ್ ಕೂಡ್ಸೂದು ನೋಡಪಾ," ಅಂತಿದ್ರು. ನನಗ ತಿಳೀತಿದ್ದದ್ದು ಕೊಳೆತ ತತ್ತಿ ವಾಸನಿ ಅಷ್ಟೇ. ಒಮ್ಮೆ ಒಂದು ನೀಲಿ ಔಷಧ ಮೊದಲು ತಾವೇ ಕುಡದ್ರು. ಸಂಜೀಕ ಮೆಲ್ಲಕ ಅಂದ್ರು, "ನನ್ನ ಉಚ್ಚಿ ನೀಲಿ ಆಗೇದ."

ನಾ ಅವರ ನಾಡಿ ಹಿಡದೆ. "ಈಗ ಹ್ಯಾಂಗ್ರಿ ಸಾಹೇಬ್ರ?"

"ಹ್ಯಾಂಗೇನು? ನಾಳಿ ನೀ ಕುಡಿ, ನೋಡೂಣು."

೨. ಪೆಟ್ಟಿಗಿ

ಘಾಟಬೋರಾಳದ ರೈತನೊಬ್ಬನ ಹೇಣ್ತಿಗೆ ಕಾಲಾಗ ಹುಣ್ಣು. ಕೀವು ಇಳೀಲಿಲ್ಲಂದ್ರ ಕಾಲೇ ಕೊಯ್ಯಬೇಕು ಅಂದಿದ್ರು ಸಾಹೇಬರು. ಮಾಂಸದ ಸಾರು ಹೆಪ್ಪುಗಟ್ಟಿಸಿದ ಗಾಜಿನ ಬಶಿಯಾಗ ಆಕಿ ಕೀವು ಸವರಿ, ಮ್ಯಾಲ ತಮ್ಮ ಔಷಧಗಳ ಹನಿ ಬಿಟ್ಟು, ಆಕಿ ಹೆಸರು ಬರದು, ಬೆಚ್ಚಗಿನ ಪೆಟ್ಟಿಗ್ಯಾಗ ಮುಚ್ಚಿಟ್ರು. ಯಾವ ಹನಿ ಸುತ್ತ ಕೀವು ಬೆಳೆಯೂದಿಲ್ಲೋ ಅದೇ ಆಕಿಗೆ ಔಷಧ.

ಮರುದಿನ ಗಂಡ ಆ ಪೆಟ್ಟಿಗಿ ತೆಗೆದುಬಿಟ್ಟ. ನಮ್ಮ ಕಡೆ ಭಾನಾಮತಿ ಮಾಟ ಮಾಡಾವ್ರೂ ಹಂಗೇ: ಮೈಯಾಗಿಂದು ಒಂಚೂರು ತಗೊಂಡು, ಹೆಸರು ಹಿಡಿದು ಕತ್ತಲ್ಯಾಗ ಇಡ್ತಾರ.

"ಕಂಪೌಂಡರ್ ಸಾಹೇಬ್ರ, ಇದು ಉಸಿರಾಡಾಕತ್ತದ್ರೀ!" ಅಂತ ಚೀರಿದ.

ಬಶಿ ತುಂಬ ಹಳದಿ ತೊಗಲಿನಂಥದ್ದು ಹಸೀ ಹಸೀ ಹೊಳೀತಿತ್ತು. ಖರೆ ಹೇಳ್ತೀನಿ, ನನಗೂ ಹಂಗೇ ಕಂಡಿತು. ಮಾಟ ಬಿಡಿಸ್ತೀನಿ ಅಂತ ಅಂವ ಬಶಿ ಹಿಡಕೊಂಡು ಕಲ್ಯಾಣದ ಹಾದಿ ಹಿಡದ. ಸಾಹೇಬರು ಹಿಂದಿಂದ ಒದರಿದ್ರು, "ಎಲ್ಲೆರ ಒಯ್ಯಿ, ಮುಚ್ಚಳ ಮಾತ್ರ ತೆಗೀಬ್ಯಾಡೋ!"

೩. ಗೆರಿ

ನಾನೂ ಬೆನ್ನ ಹತ್ತಿದೆ. ಭಾನಾಮತಿ ಬಿಡಸೋ ಕಲ್ಯಾಣದ ಮುದುಕ ಮುಚ್ಚಳ ತೆಗೆದು ಬಾಳ ಹೊತ್ತು ನೋಡಿದ. ಎಲ್ಲಾ ಕಡೆ ಹಳದಿ, ಒಂದು ಹನಿ ಸುತ್ತ ಮಾತ್ರ ದುಂಡಗ, ಸ್ವಚ್ಛ. ಮುದುಕ ಬಶಿ ಕೆಳಗಿಟ್ಟು ಅದಕ್ಕ ಕೈ ಮುಗಿದ.

"ಇದು ಮಾಟ ಅಲ್ಲಪಾ, ಮಾಟ ದಾಟದಂಗ ಹಾಕಿದ ಗೆರಿ. ಜೀವಮಾನ ಎಲ್ಲಾ ಗೆರಿ ಹೊಡೆದೀನಿ, ಇಂಥಾದ್ದು ಒಂದೂ ಆಗಿಲ್ಲ. ಹೇಣ್ತೀನ ಈ ಗೆರಿ ಹಾಕಿದ ಡಾಕ್ಟರ್ ಕಡೇನೇ ಒಯ್ಯಿ!"

ಗಂಡ ಆಕಿನ್ನ ಕರಕೊಂಡು ಬಂದ. ಆ ಹನಿ ಔಷಧನೇ ಹಚ್ಚಿದ್ವಿ. ಕೆಲವು ವಾರಕ್ಕ ಆಕಿ ತನ್ನ ಕಾಲಮ್ಯಾಲೆ ನಡಕೋತ ದವಾಖಾನಿಗೆ ಬಂದಾಗ ನನಗ ಅಳು ತಡೀಲಿಲ್ಲ. ಆಕಿ ಹಿಂದ ಆ ಮುದುಕ! ಅಂಗಿ ಎತ್ತಿ ಬೆನ್ನಾಗಿನ ಕುರು ತೋರಿಸಿದ.

"ಸಾಹೇಬ್ರ, ನನ್ನ ಕೀವಿಂದೂ ಒಂದು ಬಶಿ ಇಡ್ರಿ," ಅಂದ. ಆಮ್ಯಾಲ ಹೆದರಿಕೋತ ನನ್ನ ಕಡೆ ಬಟ್ಟು ಮಾಡಿದ. "ಹೆಸರು ಮಾತ್ರ ಈ ಕಂಪೌಂಡರಂದು ಬರೀರಿ!"